ಬಿಟ್ಟಿ ಕೊಟ್ಟವರು ಯಾರು, ಬಿಟ್ಟಿ ತಿಂದವರು ಯಾರು?

ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬಗ್ಗೆ ಎಲ್ಲಿ ಮಾತು ಬಂದ್ರೂ ಒಂದು ಪದ ತಪ್ಪದೆ ಬರ್ತದೆ: ಬಿಟ್ಟಿ. ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು, ಬಿಟ್ಟಿ ದುಡ್ಡು, ಬಿಟ್ಟಿ ಭಾಗ್ಯ. ಟೀವಿ ಸ್ಟುಡಿಯೋದಲ್ಲಿ ಕೂತವರೂ ಇದನ್ನೇ ಅಂತಾರೆ, ಊರ ಅರಳಿಕಟ್ಟೆ ಮೇಲೆ ಕೂತವರೂ ಇದನ್ನೇ ಅಂತಾರೆ. ಬಂಧುಗಳೇ, ಈ ಪದಕ್ಕೊಂದು ಚರಿತ್ರೆ ಇದೆ. ಆ ಚರಿತ್ರೆ ಬರೆದಿರೋದು ನಮ್ಮ ಅಜ್ಜ ಮುತ್ತಜ್ಜಂದಿರ ಬೆನ್ನ ಮೇಲೆ. ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದಿ.

ಸಂಸ್ಕೃತದ ‘ವಿಷ್ಟಿ’ ಕನ್ನಡದ ಬಾಯಲ್ಲಿ ‘ಬಿಟ್ಟಿ’ ಆಯಿತು. ಅರ್ಥ ಸರಳ: ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ಕೆಲಸ. ಹಳೆಯ ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲೇ ಬಿಟ್ಟಿಯೂ ಬರುತ್ತದೆ. ಸತ್ತ ದನ ಎಳೆಯೋದು, ಸಾವಿನ ಸುದ್ದಿ ಹೊತ್ತು ಊರೂರಿಗೆ ನಡೆಯೋದು, ತಮಟೆ ಬಡಿದು ಸಾರೋದು, ಅಮಲ್ದಾರ ಬಂದ್ರೆ ಅವನ ಸಾಮಾನು ಹೊರೋದು, ಅವನ ಕುದುರೆಗೆ ಹುಲ್ಲು ತರೋದು, ಗೌಡರ ಮನೆ ಮದುವೆಗೆ ಸೌದೆ ಒಡೆಯೋದು. ಇದೆಲ್ಲ ಬಿಟ್ಟಿ. ಶತಮಾನಗಟ್ಟಲೆ ಬಿಟ್ಟಿ ಅಂದ್ರೆ ನಾವು *ಕೊಟ್ಟದ್ದು*. ಊರು *ತಿಂದದ್ದು*. ಸಂವಿಧಾನದ 23ನೇ ವಿಧಿ ನಿಷೇಧಿಸಿರೋದು ಈ ಬಿಟ್ಟಿಯನ್ನೇ. ಅದೇ ಪದವನ್ನ ಈಗ ತಿರುಗಿಸಿ ನಮ್ಮ ಅವ್ವಂದಿರ ಮುಖಕ್ಕೆ ಎಸೀತಿದ್ದಾರೆ.

ಹಾಗಾದ್ರೆ ಷರತ್ತಿಲ್ಲದೆ ಬರುವ ದುಡ್ಡು ಹಳ್ಳಿಯ ಬಡ ಕುಟುಂಬಕ್ಕೆ ಏನು ಮಾಡ್ತದೆ? ಇದಕ್ಕೆ ಉತ್ತರ ಬೇಕಾದ್ರೆ, ಅಂಥ ದುಡ್ಡು ಇಲ್ಲದೇ ಇದ್ದಾಗ ಆ ಕುಟುಂಬಕ್ಕೆ ಏನಾಗ್ತಿತ್ತು ಅನ್ನೋದನ್ನ ಮೊದಲು ನೋಡಬೇಕು.

*ಕಣದ ಅಂಚಲ್ಲಿ ನಿಂತವರು*

ತೋಟಿ, ತಳವಾರ, ನೀರಗಂಟಿ. ಊರಿನ ಈ ಚಾಕರಿಗಳು ವಂಶದಿಂದ ವಂಶಕ್ಕೆ ನಮ್ಮ ಜನರ ಕೊರಳಿಗೆ ಬಿದ್ದಿದ್ದವು. ಕೆಲಸ ಸರ್ಕಾರದ್ದು, ಊರಿನದ್ದು. ಸಂಬಳ ಮಾತ್ರ ಒಂದು ತುಂಡು ಇನಾಂ ಭೂಮಿ, ಮತ್ತೆ ಸುಗ್ಗಿಯಲ್ಲಿ ಕಣದ ಅಂಚಲ್ಲಿ ನಿಂತು ಪಡೆಯುವ ಆಯ. ರೈತ ರಾಶಿ ಪೂಜೆ ಮಾಡಿ, ಅಳೆದು, ಮಿಕ್ಕಿದ್ದರಲ್ಲಿ ಇಷ್ಟು ಅಂತ ಹಾಕಬೇಕು. ಅಳೆಯುವ ಕೊಳಗ ಅವನ ಕೈಲಿ, ಒಡ್ಡಿದ ಸೆರಗು ನಮ್ಮದು. ಆಯ ಕೊಡಲೇಬೇಕು ಅಂತ ಕೇಳೋ ಬಾಯಿ ನಮಗಿರ್ಲಿಲ್ಲ. ಸತ್ತ ದನ ಎಳೆಯಲ್ಲ ಅಂದ್ರೆ ಆಯ ನಿಂತಿತು. ಚಪ್ಪಲಿ ಮೆಟ್ಟಿ ಊರೊಳಗೆ ನಡೆದ್ರೆ ಆಯ ನಿಂತಿತು.

ಇದರ ಮರ್ಮವನ್ನ ಬಾಬಾಸಾಹೇಬರು ಸರಿಯಾಗಿ ಹಿಡಿದರು. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಅವರು ಮಹಾರ್ ವತನದ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ನಮ್ಮ ಬೆಳಗಾವಿ, ವಿಜಯಪುರ, ಧಾರವಾಡ ಕೂಡ ಆಗ ಬಾಂಬೆ ಪ್ರಾಂತ್ಯದಲ್ಲೇ ಇದ್ದವು. ಸಂಬಳ ಕಣದಲ್ಲಿ ಸಿಗುವ ಕಾಳಾಗಿರೋ ತನಕ ದುಡಿಯುವವನು ಕಣದ ಯಜಮಾನನ ಗುಲಾಮ ಅನ್ನೋದು ಅವರ ವಾದದ ತಿರುಳು. ಮಸೂದೆ ಆಗ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನ ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರ ಫೆಬ್ರವರಿ 1ರಿಂದ. ಬಾಬಾಸಾಹೇಬರು ಕೇಳಿ 35 ವರ್ಷ ಆದ ಮೇಲೆ.

*ಜೀತದ ಬಾಗಿಲು ಎಷ್ಟು ಚಿಕ್ಕದು*

ಜೀತ ಅಂದ ಕೂಡಲೇ ಸರಪಳಿ ಹಾಕಿ ಎಳೆದೊಯ್ದ ಚಿತ್ರ ಕಣ್ಣಿಗೆ ಬರ್ತದೆ. ಹಾಗೆ ನಡೀತಿದ್ದದ್ದು ಕಡಿಮೆ. ಅದು ಶುರುವಾಗೋದು ಒಂದು ಸಣ್ಣ ಸಾಲದಿಂದ. ಮಗಳ ಮದುವೆ, ಅಪ್ಪನ ತಿಥಿ, ಹೆಂಡತಿಯ ಬಾಣಂತನ, ಮಳೆ ಕೈಕೊಟ್ಟ ವರ್ಷದ ಎರಡು ಪಲ್ಲ ರಾಗಿ. ನೂರೋ ಇನ್ನೂರೋ ರೂಪಾಯಿ. ಮನೇಲಿ ಒಂದು ಕಾಸಿಲ್ಲ, ಇರೋ ಒಂದೇ ಬಾಗಿಲು ಗೌಡರದ್ದು. ಟವೆಲ್ ಸೊಂಟಕ್ಕೆ ಬಿಗಿದು, ತಲೆ ತಗ್ಗಿಸಿ, “ಬುದ್ಧೀ...” ಅಂತ ನಿಲ್ಲಬೇಕು. ಆ ಸಾಲಕ್ಕೆ ಅಡಮಾನ ಇಡೋಕೆ ಜಮೀನಿಲ್ಲ, ಒಡವೆ ಇಲ್ಲ. ಇರೋದು ಮೈ. ಅದನ್ನೇ ಇಟ್ಟರು. ದೊಡ್ಡವನು ಹೊಲಕ್ಕೆ, ಎಂಟು ವರ್ಷದ ಮಗ ದನಕ್ಕೆ, ಹೆಂಡತಿ ಕೊಟ್ಟಿಗೆ ಕಸಕ್ಕೆ. ವರ್ಷಕ್ಕೊಂದು ಜೊತೆ ಬಟ್ಟೆ, ಒಂದು ಕಂಬಳಿ, ದಿನಕ್ಕೆ ಎರಡು ಹೊತ್ತು ಹಿಟ್ಟು. ಬಡ್ಡಿ ಮಾತ್ರ ಬೆಳೀತಾನೇ ಇತ್ತು. ಅಪ್ಪ ಸತ್ರೆ ಸಾಲ ಸಾಯ್ತಿರ್ಲಿಲ್ಲ, ಮಗನ ಹೆಗಲಿಗೆ ಬರ್ತಿತ್ತು.

ನಿಜಾಮರ ರಾಜ್ಯದಲ್ಲಿದ್ದ ರಾಯಚೂರು, ಕಲಬುರಗಿ, ಬೀದರಿನಲ್ಲಿ ಇದಕ್ಕೆ ‘ಭಾಗೇಲ’ ಅಂತಿದ್ರು. ಅದನ್ನ ಹಿಡಿತಕ್ಕೆ ತರೋಕೆ 1936ರಲ್ಲೇ ಅಲ್ಲಿ ಒಂದು ನಿಯಮ ಬಂದಿತ್ತು, ಕಾಗದದ ಮೇಲೆ. ಇಡೀ ದೇಶಕ್ಕೆ ಜೀತ ರದ್ದತಿಯ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರ್‌ನಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 1978–79ರಲ್ಲಿ ಸಮೀಕ್ಷೆ ಮಾಡಿದಾಗ ಹತ್ತು ರಾಜ್ಯಗಳಲ್ಲಿ 26 ಲಕ್ಷಕ್ಕೂ ಹೆಚ್ಚು ಜೀತದಾಳುಗಳಿದ್ದಾರೆ ಅನ್ನೋ ಅಂದಾಜು ಬಂತು. ಕರ್ನಾಟಕದ ಪಾಲು ಸುಮಾರು 1.93 ಲಕ್ಷ. ಬಹುಪಾಲು ದಲಿತರು, ಆದಿವಾಸಿಗಳು. ನಮ್ಮ ಸರ್ಕಾರ ಗುರುತಿಸಿದ್ದು ಮಾತ್ರ 63 ಸಾವಿರದ ಆಸುಪಾಸು. ಉಳಿದವರು ಎಲ್ಲಿ ಹೋದರು? ಕೆಲವರು ತಾವಾಗೇ ಬಿಡಿಸ್ಕೊಂಡರು, ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಓಡಿಬಂದರು, ಕೆಲವರು ಅಲ್ಲೇ ಸತ್ತರು.

ಇಲ್ಲೊಂದು ಪ್ರಶ್ನೆ ಕೇಳಿಕೊಳ್ಳಿ. ಮದುವೆ ತಿಂಗಳಲ್ಲಿ, ಜ್ವರದ ವಾರದಲ್ಲಿ, ಬರಗಾಲದಲ್ಲಿ ಆ ನೂರಿನ್ನೂರು ರೂಪಾಯಿ ಗೌಡರ ಬಾಗಿಲು ಬಿಟ್ಟು ಬೇರೆ ಕಡೆಯಿಂದ, ಯಾರಿಗೂ ಬಗ್ಗದೆ ಸಿಕ್ಕಿದ್ರೆ? ಎಷ್ಟು ಮನೆಗಳ ಎಷ್ಟು ತಲೆಮಾರು ಉಳೀತಿತ್ತು?

1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಬಾಬಾಸಾಹೇಬರು ಇದೇ ಗಂಟನ್ನ ಬಿಡಿಸಿ ತೋರಿಸಿದ್ದಾರೆ. ಹಸಿದವನಿಗೆ, ಕೆಲಸ ಇಲ್ಲದವನಿಗೆ ಮೂಲಭೂತ ಹಕ್ಕು ಇಟ್ಕೊಂಡು ಏನು ಮಾಡೋದು? ಒಂದು ಕೆಲಸ ಸಿಕ್ಕರೆ ಸಾಕು, ಎಂಥ ಷರತ್ತಿಗಾದ್ರೂ ಒಪ್ಪಿ ಆ ಹಕ್ಕನ್ನ ಬಿಟ್ಟುಕೊಡ್ತಾನೆ ಅನ್ನೋದು ಅವರ ಎಚ್ಚರಿಕೆ. ಹೊಟ್ಟೆಯ ಭದ್ರತೆ ಇಲ್ಲದೆ ಸ್ವಾತಂತ್ರ್ಯದ ಮಾತಾಡಬೇಡಿ ಅಂತಲೇ ಅವರು ಭೂಮಿ ರಾಷ್ಟ್ರೀಕರಣದ ಮಾತಾಡಿದ್ದು, ಎಲ್ಲರಿಗೂ ವಿಮೆಯ ಮಾತಾಡಿದ್ದು.

*ವಸ್ತು ಕೊಡ್ತೀವಿ, ದುಡ್ಡು ಕೊಡಲ್ಲ*

ಸ್ವಾತಂತ್ರ್ಯದ ನಂತರ ಸರ್ಕಾರಗಳು ಬಡವರಿಗೆ ಏನೂ ಕೊಡಲಿಲ್ಲ ಅಂತಲ್ಲ. ಕೊಟ್ಟ ರೀತಿ ನೋಡಿ. ಐಆರ್‌ಡಿಪಿ ಕಾಲದಲ್ಲಿ ಸಾಲ, ಸಬ್ಸಿಡಿ ಸೇರಿಸಿ ಹಸು ಕೊಟ್ರು, ಎಮ್ಮೆ ಕೊಟ್ರು, ಹೊಲಿಗೆ ಮಿಷನ್ ಕೊಟ್ರು. ಮೇವು ಬೆಳೆಯೋಕೆ ಒಂದು ಗುಂಟೆ ಇಲ್ಲದವನಿಗೆ ಹಸು! ಜೀತವಿಮುಕ್ತರ ಪುನರ್ವಸತಿಗೆ 1978ರಲ್ಲಿ ಇಟ್ಟ 4,000 ರೂಪಾಯಿ ಕೂಡ ಕೈಗೆ ಬರೋ ದುಡ್ಡಾಗಿರದೆ ಹೆಚ್ಚಾಗಿ ದನ, ಕುರಿ, ಗಾಡಿಯ ರೂಪದಲ್ಲಿ ಬಂತು. ಯಾವ ದನ, ಯಾವ ಸಂತೆಯಿಂದ, ಎಷ್ಟಕ್ಕೆ ಅನ್ನೋದನ್ನ ಬೇರೆಯವರು ತೀರ್ಮಾನಿಸಿದರು. ನಡುವಿನಲ್ಲಿ ಎಷ್ಟು ಕೈಗಳು, ಎಷ್ಟು ಪರ್ಸೆಂಟು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಹಿಂದಿರೋದು ಒಂದು ನಂಬಿಕೆ: ಈ ಜನಕ್ಕೆ ದುಡ್ಡು ಕೊಟ್ರೆ ಕುಡಿದು ಹಾಳು ಮಾಡ್ತಾರೆ. ಕೊಡೋದಾದ್ರೆ ಷರತ್ತು ಹಾಕಿ ಕೊಡಿ. 2006–07ರ ಭಾಗ್ಯಲಕ್ಷ್ಮಿ ನೋಡಿ. ಬಡವರ ಮನೆಯ ಹೆಣ್ಣುಮಗುವಿನ ಹೆಸರಲ್ಲಿ ಬಾಂಡ್. ಒಳ್ಳೇದೇ. ಆದರೆ ಲಸಿಕೆ ಹಾಕಿಸಿರಬೇಕು, ಶಾಲೆಗೆ ಹೋಗಿರಬೇಕು, ಕೂಲಿಗೆ ಹೋಗಿರಬಾರದು, 18 ತುಂಬೋ ತನಕ ಮದುವೆ ಆಗಿರಬಾರದು. ದುಡ್ಡು ಬರೋದು ಹದಿನೆಂಟು ವರ್ಷದ ಮೇಲೆ. ನಡುವಿನ ಹದಿನೆಂಟು ವರ್ಷ ಆ ಮಗುವಿನ ತಟ್ಟೆಗೆ ಏನು? ಬಡತನ ಒಡ್ಡುವ ಪರೀಕ್ಷೆಯನ್ನ ಬಡತನದಲ್ಲೇ ಪಾಸು ಮಾಡಿದವಳಿಗೆ ಬಹುಮಾನ.

ನಮ್ಮ ಕೇರಿಗಳಿಗೆ ಯಾವ ಕೆಲಸದ ಲೆಕ್ಕವನ್ನೂ ಕೇಳದೆ ತಿಂಗಳು ತಿಂಗಳು ಬಂದ ಮೊದಲ ನಗದು ಅಂದ್ರೆ ಅಜ್ಜಿಯರ ಪಿಂಚಣಿ. 1995ರ ಆಗಸ್ಟ್ 15ಕ್ಕೆ ಶುರುವಾದ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರ ಕೊಟ್ಟದ್ದು ತಿಂಗಳಿಗೆ 75 ರೂಪಾಯಿ. ಸಣ್ಣ ಮೊತ್ತವೇ. ಆದ್ರೆ ಮನಿಯಾರ್ಡರ್ ಬಂದ ದಿನ ಮೂಲೆಯಲ್ಲಿ ಮಲಗಿದ್ದ ಮುದುಕಿಗೆ ಮನೆಯಲ್ಲಿ ಒಂದು ಬೆಲೆ ಬಂತು. ಮೊಮ್ಮಗನಿಗೆ ಬಳಪ ಕೊಡಿಸಿದಳು, ತನ್ನ ಎಲೆಅಡಿಕೆಗೆ ಸೊಸೆಯ ಮುಖ ನೋಡೋದು ತಪ್ಪಿತು.

*ಮಧ್ಯಪ್ರದೇಶದಲ್ಲಿ ನಡೆದದ್ದು*

“ದುಡ್ಡು ಕೊಟ್ರೆ ಕುಡೀತಾರೆ” ಅನ್ನೋ ಮಾತನ್ನ ಪರೀಕ್ಷೆಗೆ ಒಡ್ಡಿದ ಒಂದು ಪ್ರಯೋಗ ನಮ್ಮ ದೇಶದಲ್ಲೇ ನಡೆದಿದೆ. 2011ರಲ್ಲಿ ಮಧ್ಯಪ್ರದೇಶದ ಹಳ್ಳಿಗಳಲ್ಲಿ ‘ಸೇವಾ’ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಇದನ್ನ ಮಾಡಿತು. ಎಂಟು ಹಳ್ಳಿಗಳ ಪ್ರತಿಯೊಬ್ಬರಿಗೂ ತಿಂಗಳಿಗೆ ಇಷ್ಟು ಅಂತ ದುಡ್ಡು: ದೊಡ್ಡವರಿಗೆ 200 ರೂಪಾಯಿ, ಮಕ್ಕಳ ಲೆಕ್ಕದಲ್ಲಿ ತಾಯಿಗೆ 100. ವರ್ಷದ ನಂತರ ಅದು 300 ಮತ್ತು 150 ಆಯಿತು. ಯಾವ ಷರತ್ತೂ ಇಲ್ಲ. ಹೆಂಗಸರ ದುಡ್ಡು ಹೆಂಗಸರಿಗೇ. ಹೋಲಿಸಿ ನೋಡೋಕೆ ದುಡ್ಡು ಕೊಡದ ಬೇರೆ ಹಳ್ಳಿಗಳನ್ನೂ ಇಟ್ಕೊಂಡಿದ್ರು. ಒಂದು ಬುಡಕಟ್ಟು ಹಳ್ಳಿಯಲ್ಲೂ ಪ್ರತ್ಯೇಕವಾಗಿ ಇದೇ ಪ್ರಯೋಗ ನಡೆಯಿತು.

ಏನಾಯಿತು? ಕುಡಿತ ಹೆಚ್ಚಾದ ಸಾಕ್ಷಿ ಸಿಗಲಿಲ್ಲ. ತಟ್ಟೆಯಲ್ಲಿ ಬೇಳೆ, ತರಕಾರಿ, ಮೊಟ್ಟೆ, ಮೀನು ಹೆಚ್ಚಾಯ್ತು. ಮಕ್ಕಳ ತೂಕ ಸುಧಾರಿಸಿತು, ಅದರಲ್ಲೂ ಹೆಣ್ಣುಮಕ್ಕಳದ್ದು. ಹೈಸ್ಕೂಲಿಗೆ ಹೋಗೋ ಹುಡುಗಿಯರು ಹೆಚ್ಚಾದರು. ಔಷಧಿ ಅರ್ಧಕ್ಕೆ ನಿಲ್ಲಿಸೋದು ಕಡಿಮೆಯಾಯ್ತು. “ದುಡ್ಡು ಸಿಕ್ರೆ ಸೋಮಾರಿಗಳಾಗ್ತಾರೆ” ಅಂತಾರಲ್ಲ, ನಡೆದದ್ದು ತದ್ವಿರುದ್ಧ. ಬೀಜ, ಗೊಬ್ಬರ, ಮೇಕೆ ಕೊಂಡು ಜನ ಹೆಚ್ಚು ದುಡಿದರು, ಆದ್ರೆ ಬೇರೆಯವರ ಹೊಲಕ್ಕಿಂತ ತಮ್ಮ ಹೊಲದಲ್ಲಿ, ತಮ್ಮ ಸಣ್ಣಪುಟ್ಟ ಕಸುಬಿನಲ್ಲಿ. ಸಾಲದ ಹೊರೆ ಇಳೀತು. ಬುಡಕಟ್ಟು ಹಳ್ಳಿಯಲ್ಲಿ ವರ್ಷದ ಲೆಕ್ಕದಲ್ಲಿ ಸಾಹುಕಾರನ ಬಳಿ ದುಡಿಮೆಗೆ ಬಿದ್ದಿದ್ದ ಕೆಲವರು ಸಾಲ ತೀರಿಸಿ ಹೊರಬಂದರು. ಅಲ್ಲಿ ಅಂಥವರನ್ನ ‘ನೌಕರ್’ ಅಂತಾರೆ, ನಮ್ಮಲ್ಲಿ ಜೀತದಾಳು ಅಂತೀವಿ. ಹೆಸರು ಬೇರೆ, ಕೊರಳ ಹಗ್ಗ ಒಂದೇ.

ಆ ಪ್ರಯೋಗದ ದೊಡ್ಡ ಪಾಠ ಅಂತ ನನಗೆ ಕಾಣೋದು ಇದು: ಬಡವರ ಊರಲ್ಲಿ ಎಲ್ಲಕ್ಕಿಂತ ಅಪರೂಪದ ವಸ್ತು ನಗದು. ಅಪರೂಪದ್ದು ಯಾರ ಕೈಲಿದೆಯೋ ಅವನೇ ಒಡೆಯ. ಎಲ್ಲರ ಕೈಗೂ ಸ್ವಲ್ಪ ಸ್ವಲ್ಪ ಬಂದ್ರೆ ಒಡೆಯನ ಹಿಡಿತ ಸಡಿಲ ಆಗ್ತದೆ.

*ಎರಡು ಸಾವಿರದ ಲೆಕ್ಕ*

ಈಗ ನಮ್ಮ ರಾಜ್ಯಕ್ಕೆ ಬನ್ನಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯ್ತು. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಕುಟುಂಬ ಬಿಟ್ಟು ಉಳಿದ ಮನೆಗಳ ಯಜಮಾನಿಗೆ ತಿಂಗಳಿಗೆ 2,000. ‘ಯಜಮಾನಿ’ ಅನ್ನೋ ಪದವನ್ನ ಗಮನಿಸಿ. ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ ಅಂತ ಮಾಡಿದ್ದು 2013ರ ಆಹಾರ ಭದ್ರತಾ ಕಾಯ್ದೆ. ಹತ್ತು ವರ್ಷ ಅದು ಕಾರ್ಡಿನ ಮೇಲಿನ ಅಕ್ಷರ ಆಗಿತ್ತು. ಈಗ ಅದರ ಹಿಂದೆ ದುಡ್ಡು ಬಂದಿದೆ.

ಯಾವುದೇ ಕೇರಿಯ ಒಂದು ಮನೆ ತಗೊಳ್ಳಿ. ಗಂಡ ಗಾರೆ ಕೆಲಸ, ಹೆಂಡತಿ ಹೊಲದ ಕೂಲಿ, ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆಯ ಅತ್ತೆ. ಗೃಹಲಕ್ಷ್ಮಿ ಶುರುವಾದ ವರ್ಷ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 316 ರೂಪಾಯಿ. ಆ ಲೆಕ್ಕದಲ್ಲಿ 2,000 ಅಂದ್ರೆ ಆರು ದಿನದ ಕೂಲಿ ಚಿಲ್ಲರೆ. ಅಷ್ಟೇ. ಇದರಿಂದ ಯಾರೂ ಮಹಡಿ ಕಟ್ಟಲ್ಲ. ಅತ್ತೆಯ ಮಾತ್ರೆ, ಅಂಗಡಿಯ ಉದ್ರಿ, ಎಣ್ಣೆ, ಬೇಳೆ, ಮಗಳ ನೋಟ್‌ಬುಕ್ಕು, ಸಂಘದ ಕಂತು, ಉಳಿದ್ರೆ ಚೀಟಿಗೆ ಇನ್ನೂರು. ತಿಂಗಳು ಮುಗೀತು.

ಆದ್ರೂ ಏನೋ ಬದಲಾಗಿದೆ. ಮೊದಲು ಮಗುವಿಗೆ ಜ್ವರ ಬಂದ್ರೆ ಜಮೀನ್ದಾರರ ಮನೆಗೆ ಹೋಗಿ ಐನೂರು ಮುಂಗಡ ಕೇಳಬೇಕು. ಬಡ್ಡಿ ಹಾಕಲ್ಲ, ನಿಜ. ಆದ್ರೆ ಕಳೆ ಕೀಳೋಕೆ ಅವರು ಕರೆದ ದಿನ, ಅವರು ಹೇಳಿದ ಕೂಲಿಗೆ ಹೋಗಲೇಬೇಕು. ಪಕ್ಕದ ಊರಲ್ಲಿ ಐವತ್ತು ರೂಪಾಯಿ ಜಾಸ್ತಿ ಕೊಡ್ತಿದ್ರೂ ಹೋಗೋ ಹಾಗಿಲ್ಲ. ಕಾನೂನಿನ ಪುಸ್ತಕದಲ್ಲಿ ಜೀತ ಸತ್ತಿದೆ, ಆ ಐನೂರು ರೂಪಾಯಿಯಲ್ಲಿ ಅದರ ಉಸಿರು ಇನ್ನೂ ಇತ್ತು. ಈಗ ಆ ಐನೂರು ಬ್ಯಾಂಕಿನಿಂದ ಬರ್ತದೆ. ಅವಳು ಆ ಬಾಗಿಲಿಗೆ ಹೋಗೋದು ತಿಂಗಳಿಗೊಂದು ಸಲ ಕಡಿಮೆಯಾಯ್ತು. ಕೂಲಿ ಎಷ್ಟು ಅಂತ ಕೇಳಿ ಹೋಗೋ ಧೈರ್ಯ ಬಂತು. “ಆಳು ಸಿಗ್ತಿಲ್ಲ, ಈ ಬಿಟ್ಟಿ ಭಾಗ್ಯದಿಂದ ಎಲ್ಲ ಸೋಮಾರಿಗಳಾದ್ರು” ಅಂತ ಊರಿನವರು ಗೊಣಗೋದು ಯಾಕೆ ಅಂತ ಈಗ ಅರ್ಥ ಆಯ್ತಾ? ಆಳು ಇದ್ದಾರೆ. ಹಳೇ ಕೂಲಿಗೆ, ಹಳೇ ಮಾತಿಗೆ ಸಿಗ್ತಿಲ್ಲ ಅಷ್ಟೇ.

ಮನೆಯೊಳಗೂ ಎಲ್ಲ ಸುಖ ಅಂತ ಹೇಳಲ್ಲ. ಕಾರ್ಡಿನಲ್ಲಿ ಯಾರ ಹೆಸರು ಮೊದಲು ಅಂತ ಅತ್ತೆ ಸೊಸೆಗೆ ಜಗಳ ಆಗಿದೆ. ಗಂಡ ಕಿತ್ತುಕೊಂಡದ್ದೂ ಇದೆ. ಗಂಡ ಬಿಟ್ಟವಳಿಗೆ ಬೇರೆ ಕಾರ್ಡಿಲ್ಲದೆ ಬರದೇ ಇರೋದೂ ಇದೆ. ಆಧಾರ್, ಬ್ಯಾಂಕ್ ಹೆಸರು ಹೊಂದಿಲ್ಲ ಅಂತ ಅಲೆದು ಸೋತವರಿದ್ದಾರೆ. ಎರಡು ಮೂರು ತಿಂಗಳು ಕಂತು ನಿಂತ್ರೆ ಅಂಗಡಿಯವನು ಮತ್ತೆ ಮುಖ ತಿರುಗಿಸ್ತಾನೆ. ಈ ದುಡ್ಡಿನ ಬಲ ಇರೋದೇ ತಾರೀಖು ತಪ್ಪದೆ ಬರೋದ್ರಲ್ಲಿ. ಯಾವಾಗಲೋ ಬರೋ ದುಡ್ಡು ದಾನದ ಹಾಗಾಗಿಬಿಡ್ತದೆ.

*ಅವರದ್ದು ಸಮ್ಮಾನ, ನಮ್ಮದು ಬಿಟ್ಟಿ*

2019ರಿಂದ ಕೇಂದ್ರ ಸರ್ಕಾರ ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂಪಾಯಿ ಕೊಡ್ತಿದೆ. ಏನಕ್ಕೆ ಖರ್ಚು ಮಾಡಿದೆ ಅಂತ ಯಾರೂ ಕೇಳಲ್ಲ. ಆದ್ರೆ ಸಿಗೋದು ಹೆಸರಲ್ಲಿ ಜಮೀನಿದ್ದವರಿಗೆ ಮಾತ್ರ. ಅದರ ಪೂರ್ತಿ ಹೆಸರಲ್ಲೇ ‘ಸಮ್ಮಾನ’ ಇದೆ. ಪಕ್ಕದ ತೆಲಂಗಾಣದಲ್ಲಿ 2018ರಲ್ಲಿ ರೈತಬಂಧು ಶುರುವಾದಾಗ ಎಕರೆಗೆ, ಒಂದು ಬೆಳೆಗೆ 4,000 ರೂಪಾಯಿ ಕೊಡ್ತಿದ್ರು. ಹೆಚ್ಚು ಎಕರೆ ಇದ್ದವನಿಗೆ ಹೆಚ್ಚು. 2011ರ ಜನಗಣತಿ ಪ್ರಕಾರ ಕೃಷಿಯಲ್ಲಿ ದುಡಿಯುವ ಪರಿಶಿಷ್ಟ ಜಾತಿಯವರಲ್ಲಿ ನೂರಕ್ಕೆ ಸುಮಾರು 71 ಮಂದಿ ಕೂಲಿಗಳು. ಅಂದ್ರೆ ಆ ದುಡ್ಡು ನಮ್ಮ ಕೇರಿಯ ಬಹುಪಾಲು ಮನೆಗಳನ್ನ ದಾಟಿಕೊಂಡು ಹೋಗ್ತದೆ. ಜಮೀನಿದ್ದವನ ಖಾತೆಗೆ ಬಂದ್ರೆ ಸಮ್ಮಾನ, ಜಮೀನಿಲ್ಲದವಳ ಖಾತೆಗೆ ಬಂದ್ರೆ ಬಿಟ್ಟಿ. ಜಾತಿ ಪದಗಳಲ್ಲೂ ಇರ್ತದೆ ಸ್ವಾಮಿ.

*ನಮ್ಮ ಜೇಬಿನಿಂದ ತೆಗೆದು ನಮ್ಮ ಕೈಗೇ*

ಇಷ್ಟೆಲ್ಲ ಹೇಳಿದ ಮೇಲೆ ಸರ್ಕಾರಕ್ಕೂ ಒಂದು ಮಾತು ಹೇಳಲೇಬೇಕು. ಗ್ಯಾರಂಟಿಗಳನ್ನ ಸಮರ್ಥಿಸ್ತೀವಿ ಅಂತ ಇದನ್ನ ನುಂಗಿಕೊಂಡು ಕೂರೋಕಾಗಲ್ಲ. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ನಮ್ಮ ಹೋರಾಟದಿಂದ ಬಂದದ್ದು. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ನಮ್ಮ ಅಭಿವೃದ್ಧಿಗೇ ಮೀಸಲು ಅಂತ ಅದರ ಆಶಯ. ಆ ನಿಧಿಯಿಂದ ಗ್ಯಾರಂಟಿಗಳಿಗೆ 2023–24ರಲ್ಲಿ 11,144 ಕೋಟಿ, 2024–25ರಲ್ಲಿ 14,282 ಕೋಟಿ ರೂಪಾಯಿ ತೋರಿಸಿದರು. 7ಡಿ ಕಲಂ ತೆಗೆದೆವು ಅಂತ ಚಪ್ಪಾಳೆ ತಗೊಂಡದ್ದೂ 2023ರಲ್ಲೇ, 7ಸಿ ಅನ್ನೋ ಬಾಗಿಲು ತೆರೆದೇ ಇಟ್ಟದ್ದೂ ಅವರೇ. ದಲಿತ ಫಲಾನುಭವಿಗಳಿಗೆ ಕೊಟ್ಟದ್ದು ದಲಿತರ ನಿಧಿಯಿಂದಲೇ ಅಂತ ಅವರ ವಾದ.

ಲೆಕ್ಕ ನೋಡಿ. ಗೃಹಲಕ್ಷ್ಮಿ ಎಲ್ಲ ಜಾತಿಯ ಯಜಮಾನಿಯರಿಗೂ ಇದೆ, ಇರಬೇಕು. ಬೇರೆಯವರಿಗೆ ಖಜಾನೆಯಿಂದ, ನಮಗೆ ನಮ್ಮದೇ ಪಾಲಿನಿಂದ ಯಾಕೆ? ಹಾಸ್ಟೆಲ್ಲು, ಗಂಗಾ ಕಲ್ಯಾಣದ ಬೋರ್‌ವೆಲ್ಲು, ಭೂ ಒಡೆತನ, ವಿದ್ಯಾರ್ಥಿವೇತನಕ್ಕೆ ಹೋಗಬೇಕಾದ ದುಡ್ಡನ್ನ ಮಗನ ತಟ್ಟೆಯಿಂದ ತೆಗೆದು ತಾಯಿಯ ತಟ್ಟೆಗೆ ಹಾಕಿ, “ನೋಡಿ, ಬಡಿಸಿದ್ದು ನಾವು” ಅಂದ ಹಾಗಾಯ್ತು. ನಮ್ಮದನ್ನ ನಮಗೇ ಕೊಟ್ಟು ಉಪಕಾರ ಅನ್ನಿಸೋದು ಕಣದ ಅಂಚಿನ ಹಳೇ ಆಟ.

ಇನ್ನೊಂದು ಎಚ್ಚರಿಕೆ. ಗೌಡರ ಬಾಗಿಲು ಮುಚ್ಚಿದ್ರೂ ಇನ್ನೊಂದು ಬಾಗಿಲು ತೆರೆದಿದೆ. ಮೈಕ್ರೋಫೈನಾನ್ಸ್ ಕಂತಿನವರು ವಾರ ವಾರ ಮನೆ ಮುಂದೆ ಕೂರ್ತಾರೆ. ಕಿರುಕುಳ ತಾಳದೆ ಜನ ಊರು ಬಿಟ್ಟರು, ಜೀವ ಬಿಟ್ಟರು. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಗೃಹಲಕ್ಷ್ಮಿ ಬಂದ ದಿನವೇ ಕಂತಿಗೆ ಹೋಗೋದಾದ್ರೆ, ಅದು ಅವ್ವನ ಖಾತೆಯ ಮೂಲಕ ಕಂಪನಿಗೆ ಹೋಗುವ ದುಡ್ಡು.

ಭೂಮಿಯನ್ನಂತೂ ಮರೆಯಲೇಬಾರದು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು. ನಮ್ಮವರು ಬಹುಪಾಲು ಗೇಣಿದಾರರೂ ಆಗಿರಲಿಲ್ಲ, ಕೂಲಿಗಳಾಗಿದ್ದರು. ಎರಡು ಸಾವಿರ ರೂಪಾಯಿ ಜೀತಕ್ಕೆ ಹೋಗುವ ದಾರಿಗೆ ಅಡ್ಡ ನಿಲ್ಲಬಹುದು, ಜೀತ ಹುಟ್ಟಿಸಿದ ಭೂಹೀನತೆಯನ್ನ ಅಳಿಸಲ್ಲ.

ಹಾಗಾಗಿ ನಮ್ಮ ಬೇಡಿಕೆ ಸ್ಪಷ್ಟ ಇರಲಿ. ಈ ದುಡ್ಡು ಸರ್ಕಾರ ಬದಲಾದ್ರೆ ನಿಂತುಹೋಗುವ ಕೊಡುಗೆ ಆಗದೆ, ತಾರೀಖು ತಪ್ಪದೆ ಬರುವ ಹಕ್ಕಾಗಿ ಕಾಯ್ದೆಯಲ್ಲಿ ಸೇರಲಿ. ಬೆಲೆ ಏರಿದ ಹಾಗೆ ಮೊತ್ತವೂ ಏರಲಿ. ಒಂಟಿ ಹೆಂಗಸರಿಗೆ ಅವರದ್ದೇ ಕಾರ್ಡು ಸಿಗಲಿ. ಎಸ್‌ಸಿಎಸ್‌ಪಿ–ಟಿಎಸ್‌ಪಿಯಿಂದ ತೆಗೆದ ಪ್ರತಿ ರೂಪಾಯಿ ವಾಪಸ್ ಬರಲಿ. ಭೂಮಿಯ ಪ್ರಶ್ನೆ ಮತ್ತೆ ಮೇಜಿನ ಮೇಲೆ ಬರಲಿ.

ಮುಂದಿನ ಸಲ ಯಾರಾದ್ರೂ ನಿಮ್ಮ ಎದುರು ‘ಬಿಟ್ಟಿ’ ಅಂದ್ರೆ ಜಗಳ ಮಾಡಬೇಡಿ. ಕೂರಿಸಿ ಲೆಕ್ಕ ಕೇಳಿ. ಎಷ್ಟು ತಲೆಮಾರು, ದಿನಕ್ಕೆ ಎಷ್ಟು ಗಂಟೆ, ಎಷ್ಟು ಜನ, ಕೂಲಿ ಎಷ್ಟು ಬಾಕಿ? ಬಡ್ಡಿ ಬೇಡ, ಅಸಲು ಮಾತ್ರ ಹೇಳಲಿ. ಆ ಲೆಕ್ಕದ ಮುಂದೆ ತಿಂಗಳಿಗೆ ಎರಡು ಸಾವಿರ ಎಷ್ಟು ಸಣ್ಣ ಕಂತು ಅಂತ ಅವರಿಗೇ ಗೊತ್ತಾಗ್ತದೆ.

ಜೈ ಭೀಮ್.